ಅಂಗಡಿ ಮಗ್ಗುಲಿನ ಅಣ್ಣ

ಹೆಂಡದಂಗಡಿಗೆ ಪರವಾನಗಿ ಕೊಡುವುದೂ ಸರ್ಕಾರವೇ, ಕುಡಿತ ಬಿಡಿಸುವವನಿಗೆ ಪರವಾನಗಿ ಕೊಡುವುದೂ ಸರ್ಕಾರವೇ. ಆ ಎರಡನೇ ಪರವಾನಗಿ ಪಡೆದ, ಎಲ್ಲರೂ ಅಣ್ಣ ಎನ್ನುವ ಈತ ತಾನೇ ಕುಡಿದು ಹಾಳಾಗಿ, ಬಿಟ್ಟು ಎದ್ದವನು. ಈಗ ಹೊಸದಾಗಿ ಬಿಟ್ಟವರನ್ನು ಸಂಜೆ ತನ್ನ ಜೊತೆ ಮನೆ ಕಡೆ ನಡೆಸಿಕೊಂಡು ಹೋಗುತ್ತಾನೆ. ಹೆಂಡದಂಗಡಿ ಬಂತೆಂದರೆ ಅದರ ಮಗ್ಗುಲಿಗೆ ತಾನು ಸರಿದು, ಗೋಡೆಯಷ್ಟು ಅಗಲವಾಗಿ, ತನ್ನ ಹಲ್ಲುನೋವಿನ ಪುರಾಣ ಶುರುಮಾಡುತ್ತಾನೆ. ಆ ಹಲ್ಲು ಕಿತ್ತು ಯಾವ ಕಾಲವಾಯಿತೋ, ಪುರಾಣ ಮಾತ್ರ ಅಂಗಡಿ ದಾಟುವವರೆಗೂ ಮುಗಿಯದು. ಹೊಸ ನಿಯಮ ಹಿಡಿದು ಬಂದ ಅಧಿಕಾರಿ, "ಏನಿದ್ರೂ ಕೋಣೇಲಿ ಕೂತು ಮಾತಾಡ್ಸು. ಬೀದಿ ಸುತ್ತಿಸಿದ್ರೆ ಪರವಾನಗಿ ರದ್ದು," ಎಂದ. "ಕೋಣೇಲಿ ಹೆಂಡದಂಗಡಿ ಇಲ್ವಲ್ಲ ಸ್ವಾಮಿ?" ಎಂದ ಅಣ್ಣ. "ಮನೆಗೆ ಅವರವರು ಒಬ್ಬೊಬ್ರೇ ಹೋಗ್ಲಿ. ನೀನೂ ಒಬ್ನೇ ಹೋಗು." ಅಣ್ಣನ ದನಿ ತಗ್ಗಿತು: "ಬಿಟ್ಟು ಇಷ್ಟು ವರ್ಷ ಆದ್ರೂ, ಒಬ್ನೇ ನಾನಿನ್ನೂ ಆ ಅಂಗಡೀನ ದಾಟಿಲ್ಲ ಸ್ವಾಮಿ." ಓದುವವರೇ, ನಿಮ್ಮ ಶಾಸಕರ ಬಾಗಿಲು ಬಡಿಯಿರಿ, ಆ ನಿಯಮದೊಳಕ್ಕೆ ಕೋಣೆಯ ಜೊತೆ ಬೀದಿಯನ್ನೂ ಸೇರಿಸಿ ಎನ್ನಿ.