ಸುಝೌನ ಬಿಸಿನೀರಿನ ಬೋಗುಣಿ

ಚೀನಾ ಪ್ರವಾಸಕ್ಕೆ ಹೊರಟ ತಂಡದಲ್ಲಿ ನಂಜನಗೂಡಿನವಳು ನಾನೊಬ್ಬಳೇ. ಹೋಟೆಲಿನ ಕೋಣೆಯಲ್ಲಿ ನನಗೆ ಜೊತೆಯಾದವರು ತಿ. ನರಸೀಪುರದ ಒಬ್ಬ ಹೆಂಗಸು, ಮೂವತ್ತು ವರ್ಷ ಗೂಡಿನಿಂದ ರೇಷ್ಮೆ ನೂಲು ಬಿಚ್ಚಿದವರು. ಮಾತಾಡುವಾಗೆಲ್ಲ ಬೆರಳ ತುದಿಗಳನ್ನು ಒಂದಕ್ಕೊಂದು ಉಜ್ಜಿಕೊಳ್ಳುತ್ತಿದ್ದರು. ಸುಝೌ ಎಂಬ ಹಳೆಯ ನಗರದಲ್ಲಿ ಕಾಲುವೆ, ಕಲ್ಲುಸೇತುವೆ, ಏನನ್ನು ತೋರಿಸಿದರೂ ಅವರದು ಒಂದೇ ಮಾತು: "ಅದಿರ್ಲಿ ಟೀಚರಮ್ಮ, ಇಲ್ಲಿ ರೇಷ್ಮೆ ಎಂಗ್ ತೆಗೀತಾರೋ ನೋಡ್ಬೇಕು."

ಕೊನೆಗೆ ರೇಷ್ಮೆಯ ಮ್ಯೂಸಿಯಂಗೆ ಹೋದೆವು. ಅಲ್ಲಿ ಒಬ್ಬ ಹುಡುಗಿ ಬಿಸಿನೀರಿನ ಬೋಗುಣಿಯಲ್ಲಿ ತೇಲುವ ಗೂಡುಗಳಿಂದ ಎಳೆ ತೆಗೆದು ತೋರಿಸುತ್ತಿದ್ದಳು. ನನ್ನ ಜೊತೆಯವರದೂ ಅದೇ ಕಸುಬೆಂದು ಗೈಡು ಹೇಳಿದ್ದೇ ಅವಳು ನಗುತ್ತಾ ಜಾಗ ಬಿಟ್ಟಳು. ಇವರು ಬಳೆಗಳನ್ನು ಮೇಲಕ್ಕೆ ಸರಿಸಿ ನೀರಿಗೆ ಕೈಯಿಟ್ಟರು. ಎಳೆ ಸಿಗಲಿಲ್ಲ. ಮತ್ತೆ ಮತ್ತೆ ತಡಕಿದರು. ವರ್ಷಗಟ್ಟಲೆ ಬಿಸಿನೀರಿನಲ್ಲಿ ಬೆಂದು ಮರಗಟ್ಟಿದ ಬೆರಳುಗಳಿಗೆ ಅದು ತಿಳಿಯಲೇ ಇಲ್ಲ. ಆದರೂ ತಂಡದವರು ಚಪ್ಪಾಳೆ ತಟ್ಟಿದರು. ಇವರು ಒದ್ದೆ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಹೊರಗೆ ಬಂದುಬಿಟ್ಟರು.

ಬಸ್ಸಿನಲ್ಲಿ ಅವರು ನನ್ನ ಕಡೆ ತಿರುಗಿದರು.

"ನಂಗೆ ನೀರು ಬಿಸಿ ಅಂತ್ಲೇ ಗೊತ್ತಾಗ್ಲಿಲ್ಲ ಟೀಚರಮ್ಮ. ಆ ಹೆಣ್ಮಗಿನ ಕೈ ನೋಡುದ್ರಾ? ಆಗ್ಲೇ ಕೆಂಪಗಾಗ್ಬುಟ್ಟದೆ."