ಬಾವಿಯ ಗೋಡೆ ಬಲಕ್ಕೆ

ನಮ್ಮಕ್ಕ ಆದಿಲಕ್ಷ್ಮಿಗೆ ನೆಟ್ಟಗೆ ಈಜಲು ಬರುತ್ತಿರಲಿಲ್ಲ. ಈ ಸಂಗತಿ ಅವಳಿಗೆ ಗೊತ್ತಾದದ್ದು ಹಲಸೂರು ಕೆರೆಯೊಳಗೆ, ಅದೂ ದಡದ ತುಂಬ ಜನ ನೋಡುತ್ತಿರುವಾಗ. ಅಲ್ಲಿಯವರೆಗೆ ತಾನು ಭಾರಿ ಈಜುಗಾತಿ ಎಂದೇ ಅವಳು ನಂಬಿದ್ದಳು. ನಾವೂ ನಂಬಿದ್ದೆವು. ಅಕ್ಕ ಏನು ಹೇಳಿದರೂ ನಂಬದೆ ನಮಗೆ ಗತಿಯಿರಲಿಲ್ಲ.

ಕೆ.ಆರ್. ಪುರದ ಆಚೆ ನಮ್ಮಪ್ಪ ಮುನಿಆಂಜನಪ್ಪನ ತೋಟವಿತ್ತು. ತೋಟದಲ್ಲಿ ಕಲ್ಲು ಕಟ್ಟಿದ ದೊಡ್ಡ ದುಂಡು ಬಾವಿ. ಊರಿನ ಮಕ್ಕಳೆಲ್ಲ ಈಜು ಕಲಿತದ್ದು ಅದರಲ್ಲೇ, ಕಲಿಸಿದ್ದು ಅಪ್ಪನೇ. ಮಗುವಿನ ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ತಾನು ಹಿಡಿದು ಅಪ್ಪ ಬಾವಿಕಟ್ಟೆಯ ಮೇಲೆ ಸುತ್ತು ಹಾಕುತ್ತಿದ್ದ. ಕೆಳಗೆ ಮಗು ಗೋಡೆಯನ್ನು ಬಲಕ್ಕಿಟ್ಟುಕೊಂಡು ಅವನ ಜೊತೆಜೊತೆಗೇ ಈಜಬೇಕು. ಉಸಿರಿಗೆ ತಲೆಯೆತ್ತಿದರೆ ಬಲಕ್ಕೇ ತಿರುಗಬೇಕು, ಅಪ್ಪನನ್ನೇ ನೋಡಬೇಕು. ಹಗ್ಗ ಬಿಚ್ಚಿದ ಮೇಲೂ ಅದೇ ಕ್ರಮ. ಅಕ್ಕ ಹೀಗೆ ಬೆಳಗಿನಿಂದ ಸುತ್ತಲು ಶುರುಮಾಡಿದರೆ ಅಮ್ಮ ಬಂದು ಗದರುವವರೆಗೆ ಮೇಲೆ ಬರುತ್ತಿರಲಿಲ್ಲವಂತೆ.

ಅವಳು ದೊಡ್ಡವಳಾದ ವರ್ಷ ಆರತಿ ಎತ್ತಿದರು, ಚಿಗಳಿ ತಿನ್ನಿಸಿದರು. ಎಲ್ಲ ಮುಗಿದು ಅವಳು ಎಂದಿನಂತೆ ಬಾವಿಗೆ ಹೊರಟರೆ ಅಪ್ಪ ಮೆಟ್ಟಿಲಿಗೆ ಅಡ್ಡ ನಿಂತ. ಗಂಡುಹುಡುಗರು ಇಳಿಯುವ ನೀರಿಗೆ ಇನ್ನು ಇಳಿಯುವಂತಿಲ್ಲ ಎಂದ. ನಮ್ಮ ಕಡೆ ಎಲ್ಲ ಮನೆಯಲ್ಲೂ ಹಾಗೇ, ಅಪ್ಪ ಹೊಸದಾಗಿ ಕಟ್ಟಿದ ಕಟ್ಟಳೆಯಲ್ಲ. ಆದರೆ ಅಕ್ಕ ಅವನೊಂದಿಗೆ ಎಷ್ಟೋ ದಿನ ಮಾತು ಬಿಟ್ಟಳು. ನಾನು ಹಂಸ, ಅವಳಿಗಿಂತ ಬಹಳ ಚಿಕ್ಕವಳು. ಒಬ್ಬಳನ್ನು ಬಿಡಿಸಿದ ಮೇಲೆ ಇನ್ನೊಬ್ಬಳಿಗೆ ಕಲಿಸಿ ಏನಾಗಬೇಕು ಎಂದು ನನ್ನನ್ನು ನೀರಿಗೆ ಇಳಿಸಲೇ ಇಲ್ಲ. ನನ್ನ ಹೆಸರಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕಿರಲಿಲ್ಲ.

ಅಕ್ಕನಿಗೆ ಮುಂದೆ ಟೆಲಿಫೋನ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು, ಇಬ್ಬರು ಮಕ್ಕಳಾದರು. ದಿನಾ ಸೈಕಲ್ಲಿನಲ್ಲೇ ಡ್ಯೂಟಿಗೆ ಹೋಗುತ್ತಿದ್ದಳು. ಕಾರ್ಖಾನೆಯ ವಾರ್ಷಿಕೋತ್ಸವದ ಸೈಕಲ್ ರೇಸಿನಲ್ಲಿ ಪ್ರತಿ ವರ್ಷ ಸ್ಟೀಲ್ ಡಬ್ಬಿ ಗೆದ್ದು ತರುತ್ತಿದ್ದಳು. ತೊಂಬತ್ತೆಂಟರಲ್ಲಿ ಒಂದು ದಿನ ಗೆಳತಿಯೊಬ್ಬಳು ಟ್ರಯಥ್ಲಾನ್ ಎಂಬ ಹೊಸ ಸುದ್ದಿ ತಂದಳು. ಹಲಸೂರು ಕೆರೆಯಲ್ಲಿ ಈಜಬೇಕು, ಒದ್ದೆ ಮೈಯಲ್ಲೇ ಸೈಕಲ್ ಹತ್ತಿ ಹಳೇ ಮದ್ರಾಸ್ ರಸ್ತೆಯಲ್ಲಿ ಹೋಗಿಬರಬೇಕು, ಆಮೇಲೆ ಮರ್ಫಿ ಟೌನ್ ಸುತ್ತಿ ಓಡಬೇಕು. ಚಿಕ್ಕ ದೂರದ್ದು, ಯಾರು ಬೇಕಾದರೂ ಸೇರಬಹುದು. ಅಕ್ಕ ಆ ವಾರವೇ ಹೋಗಿ ಹೆಸರು ಕೊಟ್ಟು ಬಂದಳು.

ಹಲಸೂರಿನ ಈಜುಕೊಳದಲ್ಲಿ ಹೆಂಗಸರ ಸಮಯಕ್ಕೆ ಹೋಗಿ ಅಭ್ಯಾಸ ಮಾಡಿದಳು. ಅಲ್ಲೂ ಗೋಡೆ ಪಕ್ಕದ ಸಾಲೇ ಬೇಕು ಎಂದು ಹಟ ಹಿಡಿಯುತ್ತಿದ್ದಳಂತೆ. ಯಾಕೆಂದು ಯಾರೂ ಕೇಳಲಿಲ್ಲ, ಅವಳೂ ಯೋಚಿಸಲಿಲ್ಲ. ಸ್ಪರ್ಧೆಯ ಹಿಂದಿನ ಭಾನುವಾರ ನನ್ನ ಜೊತೆ ತೋಟಕ್ಕೆ ಹೋಗಿ ಅಪ್ಪನ ಮುಂದೆ ಕೂತಳು.

"ಮೆಡಲ್‌ಗೋಸ್ಕರ ಅಲ್ಲ ಅಪ್ಪಾ. ನಾನು ನೀರಿಂದ ನಾನಾಗೇ ಮೇಲೆ ಬರೋದನ್ನ ನೀನು ನೋಡ್ಬೇಕು. ನೀನು ಸಾಕು ಅಂತ ಮೇಲೆ ಕರೆಯೋದಲ್ಲ."

ಅಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ದನಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಎದ್ದುಹೋದ. ಅಕ್ಕ ಅತ್ತಳು. ನನಗೆ ಅಪ್ಪನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಅವತ್ತು ಅಲ್ಲಿ ಊಟ ಮಾಡದೆ ಬಂದೆ.

ಸ್ಪರ್ಧೆಯ ಬೆಳಗ್ಗೆ ಕೆರೆಯ ಮೇಲೆ ಇನ್ನೂ ಮಂಜಿತ್ತು. ಒಂದು ದಡದಿಂದ ಹೊರಟು, ಬಲಗಡೆಯ ಏರಿಯ ಉದ್ದಕ್ಕೂ ಸಾಗಿ, ಆ ತುದಿಯ ಮೆಟ್ಟಿಲು ಹತ್ತಬೇಕು. ಕೊನೆಯ ಸೀಟಿಯೊಳಗೆ ಮೇಲೆ ಬಾರದವರನ್ನು ಸೈಕಲ್ ಮುಟ್ಟಲು ಬಿಡುವುದಿಲ್ಲ. ದಣಿದು ದೋಣಿ ಹಿಡಿದುಕೊಂಡರೂ ಅಲ್ಲಿಗೇ ಮುಗಿಯಿತು. ಮೊಣಕಾಲಿನವರೆಗಿನ ಚಡ್ಡಿ, ಗಂಡನ ಹಳೇ ಟೀ ಶರ್ಟು ತೊಟ್ಟ ಅಕ್ಕ ಉಳಿದವರ ಜೊತೆ ಧುಮುಕಿದಳು.

ಸ್ವಲ್ಪ ಹೊತ್ತಿಗೆಲ್ಲ ಎಲ್ಲರೂ ನೇರ ಹೋಗುತ್ತಿದ್ದರೆ ಅಕ್ಕನೊಬ್ಬಳು ಎಡಕ್ಕೆ ಬಾಗತೊಡಗಿದಳು. ಬಾಗಿ ಬಾಗಿ ಕೆರೆಯ ನಡುವಿಗೆ ಹೋಗಿ, ಅಲ್ಲಿಂದ ಹೊರಟ ಕಡೆಗೇ ಮುಖ ಮಾಡಿದಳು. ತಪ್ಪು ತಿಳಿದು ತಿರುಗಿಕೊಂಡಳು. ಮತ್ತೆ ಅದೇ ಸುತ್ತು. ಮೈಕಿನವನು ಏನೋ ತಮಾಷೆ ಮಾಡಿದ, ಜನ ನಕ್ಕರು. ನಗಲಿ ಬಿಡಿ, ನನಗೇ ಏನಾಗುತ್ತಿದೆ ಎಂದು ತಿಳಿಯಲಿಲ್ಲ. ಕಾವಲು ದೋಣಿಯ ಖಾದರ್ ಎಂಬಾತ ಅವಳ ಹತ್ತಿರ ಹೋಗಿ, ಸಾಕಕ್ಕಾ, ಹಿಡ್ಕೊಳ್ಳಿ ಎಂದು ಹುಟ್ಟು ಚಾಚಿದ್ದೂ ಕಂಡಿತು.

"ಬಾವಿ ಸುತ್ತಿದಂಗೇ ಸುತ್ತಾವ್ಳೆ. ಗೋಡೆ ಹುಡುಕ್ತಾವ್ಳೆ," ಎಂದಿತು ನನ್ನ ಹಿಂದೆ ಒಂದು ದನಿ.

ಅಪ್ಪ. ಮೊದಲನೇ ಬಸ್ಸಿಗೇ ಬಂದು ಎಲ್ಲೋ ಮರದ ಮರೆಯಲ್ಲಿ ನಿಂತಿದ್ದನಂತೆ. ಪಂಚೆ ಎತ್ತಿ ಕಟ್ಟಿದ, ಜನರನ್ನು ತಡೆಯಲು ಎಳೆದಿದ್ದ ಹಗ್ಗ ದಾಟಿ ಏರಿಯ ಅಂಚಿಗೆ ಹೋದ. ಯಾರೋ ತಡೆದರೆ ತಿರುಗಿಯೂ ನೋಡಲಿಲ್ಲ. ಕೆಂಪು ಟವೆಲನ್ನು ಮುಷ್ಟಿಯಲ್ಲಿ ಹಿಡಿದು, ನೀರಿನ ಕಡೆ ಕೈ ಚಾಚಿ, ಬಾವಿಕಟ್ಟೆಯ ಮೇಲೆ ನಡೆಯುತ್ತಿದ್ದ ಹಾಗೇ ನಡೆಯತೊಡಗಿದ. ತೋಟದ ಈ ಕೊನೆಯಿಂದ ಆ ಕೊನೆಗೆ ಕರೆಯುವ ದನಿಯಲ್ಲಿ ಕೂಗಿದ.

"ಅಮ್ಮಣ್ಣೀ, ಬಲಕ್ಕೆ ನೋಡು. ನನ್ನ ನೋಡು."

ಅಕ್ಕ ತಲೆ ತಿರುಗಿಸಿದಳು. ಒಂದು ಗಳಿಗೆ ಕೈ ನಿಲ್ಲಿಸಿದಳು. ಖಾದರನ ಹುಟ್ಟಿನಿಂದ ದೂರ ಸರಿದು ಏರಿಯ ಕಡೆಗೆ ಬಂದಳು, ಆಮೇಲೆ ಅಪ್ಪ ನಡೆದಂತೆ ನೀರಿನಲ್ಲಿ ಅವಳೂ ಈಜುತ್ತ ಸಾಗಿದಳು. ಅವನು ನಿಂತರೆ ನಿಧಾನಿಸಿದಳು, ಅವನು ಕಾಲು ಚುರುಕು ಮಾಡಿದರೆ ಕೈ ಬೀಸಿದಳು. ನಕ್ಕಿದ್ದ ಜನರೇ ಅಪ್ಪನಿಗೆ ದಾರಿ ಬಿಟ್ಟರು. ಸೀಟಿ ಊದುವವನು ಅದನ್ನು ಬಾಯಿಗಿಟ್ಟುಕೊಂಡಿದ್ದಾಗ ಅಕ್ಕ ಕೊನೆಯ ಮೆಟ್ಟಿಲು ಹತ್ತಿದಳು. ನಾನು ಗಟ್ಟಿಯಾಗಿ ಅತ್ತುಬಿಟ್ಟೆ.

ಸೈಕಲ್ ಅವಳಿಗೆ ಲೆಕ್ಕವಿರಲಿಲ್ಲ. ಹಳೇ ಮದ್ರಾಸ್ ರಸ್ತೆಯ ಗುಂಡಿಗಳೆಲ್ಲ ಅವಳಿಗೆ ನೆಂಟರು. ಸೀರೆ ಸಿಕ್ಕದಂತೆ ಜಾಲರಿ ಹಾಕಿಸಿದ್ದ ಆ ಸೈಕಲ್ಲಿನಲ್ಲೇ ಗೇರ್ ಸೈಕಲ್ಲಿನ ಹುಡುಗರನ್ನು ಹಿಂದೆ ಹಾಕಿದಳು. ಓಟದಲ್ಲಿ ಆ ಹುಡುಗರೆಲ್ಲ ಅವಳನ್ನು ಹಿಂದೆ ಹಾಕಿದರು. ಮರ್ಫಿ ಟೌನಿನ ನಲ್ಲಿಗಳ ಹತ್ತಿರ ಬಿಂದಿಗೆ ಇಟ್ಟು ನಿಂತ ಹೆಂಗಸರು ಚಪ್ಪಾಳೆ ತಟ್ಟಿದರಂತೆ. ಅವಳು ಮುಗಿಸುವಾಗ ಶಾಮಿಯಾನ ಬಿಚ್ಚುತ್ತಿದ್ದರು. ಅಪ್ಪ ಮಾತ್ರ ಗೆರೆಯ ಪಕ್ಕ ನಿಂತಿದ್ದ, ಅದೇ ಟವೆಲನ್ನು ಅವಳ ಹೆಗಲಿಗೆ ಹೊದಿಸಿದ.

"ಆವತ್ತು ನಿನ್ನ ತಡ್ದಿದ್ದು ತಪ್ಪಾಯ್ತು ಕಣಮ್ಮಾ. ಎಲ್ರೂ ಹಂಗೇ ಅಂತ ನಾನೂ ಹಂಗೇ ಮಾಡ್ದೆ."

ಅಕ್ಕನಿಗೆ ಏದುಸಿರು. ಆದರೂ ಬಿಡುವ ಪೈಕಿಯಲ್ಲ. "ಬರೀ ತಪ್ಪಾಯ್ತು ಅಂದ್ರೆ ಆಗಲ್ಲ. ಹಂಸನಿಗೆ ಕಲ್ಸು," ಎಂದಳು.

ನನಗಾಗ ಮದುವೆಯಾಗಿ ಸ್ಕೂಲಿಗೆ ಹೋಗುವ ಮಗನಿದ್ದ. ಮುಂದಿನ ಭಾನುವಾರ ಅವನೆದುರಿಗೇ ಚೂಡಿದಾರದ ಮೇಲೆ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಬಾವಿಗೆ ಇಳಿದೆ. ಅಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಅಕ್ಕ ನೀರಿನಲ್ಲಿ ಪಕ್ಕದಲ್ಲೇ ಇದ್ದು ಬೈಯುತ್ತಿದ್ದಳು. ಅಪ್ಪನಿಗೆ ವಯಸ್ಸಾಗಿತ್ತು, ಅರ್ಧ ಸುತ್ತಿಗೊಮ್ಮೆ ನಿಂತು ಸುಧಾರಿಸಿಕೊಳ್ಳುತ್ತಿದ್ದ. ಆದರೆ ಹಗ್ಗ ಸಡಿಲ ಬಿಡಲಿಲ್ಲ. ನಾನು ನೀರು ಕುಡಿದು ಕೆಮ್ಮಿ ತಲೆಯೆತ್ತಿದಾಗಲೆಲ್ಲ ಬಲಕ್ಕೆ ಅವನ ಮುಖ ಕಾಣುತ್ತಿತ್ತು.

ಅಪ್ಪ ಹೋಗಿ ಎರಡು ವರ್ಷಕ್ಕೆ ತೋಟ ಲೇಔಟಾಯಿತು, ಬಾವಿಗೆ ಮಣ್ಣು ತುಂಬಿದರು. ಈಗ ಅಕ್ಕನೂ ನಾನೂ ಶನಿವಾರ ಕೊಳಕ್ಕೆ ಹೋಗುತ್ತೇವೆ. ಗೋಡೆ ಬಲಕ್ಕಿರುವ ಸಾಲಿಗಾಗಿ ಇಬ್ಬರೂ ಜಗಳವಾಡುತ್ತೇವೆ. ಸಾಲು ಸಿಕ್ಕ ದಿನ, ಉಸಿರಿಗೆ ತಲೆ ತಿರುಗಿಸಿದರೆ ಅಲ್ಲಿ ಬರೀ ಬಿಳಿ ಟೈಲ್ಸು ಇರುತ್ತದೆ. ಆದರೂ ತಿರುಗಿ ನೋಡುತ್ತೇನೆ.