ಗೋಡೆ ಛಾವಣಿ ಕೂಡುವ ಬಾಗು

ಪೋತ್ನಾಳದ ಬೂದೆಪ್ಪ ಗಾರೆ ಕೆಲಸದವನು. ಗೋಡೆಯೂ ಛಾವಣಿಯೂ ಕೂಡುವ ಕಡೆ ಮೂಲೆ ಕಾಣದಂತೆ ದುಂಡಗೆ ಬಾಗಿಸುವುದು ಅವನ ಕಸುಬು. ಅದಕ್ಕೆ ಇಬ್ಬರು ಬೇಕು. ಗೋಡೆಗೆ ಹೊಡೆದ ಪಟ್ಟಿಯ ಗುಂಟ ಬಾಗಿನ ಆಕಾರಕ್ಕೆ ಕತ್ತರಿಸಿದ ತಗಡಿನ ಅಚ್ಚು ಒತ್ತಿ ಎಳೆಯುವವನು ಒಬ್ಬ. ಅದರ ಮುಂದೆ ಹಸಿ ಪ್ಲಾಸ್ಟರ್ ತುಂಬುತ್ತ ಹೋಗುವವನು ಇನ್ನೊಬ್ಬ. ಬೂದೆಪ್ಪ ಎಳೆಯುತ್ತಿದ್ದ, ಮಾನ್ವಿಯ ಖಾಜಾಮಿಯಾ ತುಂಬುತ್ತಿದ್ದ. ಮೀಸೆ ಮೂಡುವ ಕಾಲದಿಂದ ಇಬ್ಬರದೂ ಒಂದೇ ಅಟ್ಟಣಿಗೆ. ಖಾಜಾಮಿಯಾ ಊಟದ ಹೊತ್ತಿಗೂ ಬಾಯಿ ಮುಚ್ಚದವನು. ಬೂದೆಪ್ಪ ಬರೀ ಹೂಂಗುಟ್ಟುವವನು. ಮದುವೆಯಾಗದ ಅವನಿಗೆ ದಿನದಲ್ಲಿ ಕಿವಿಗೆ ಬೀಳುತ್ತಿದ್ದ ಮಾತೆಂದರೆ ಖಾಜಾಮಿಯಾನದು ಅಷ್ಟೇ.

ಹೋದ ವರ್ಷ ಖಾಜಾಮಿಯಾನಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು.

ಬೂದೆಪ್ಪ ಬೇರೆಯವರನ್ನು ಕರೆದು ನೋಡಿದ. ಅವರ ಕೈ ಹಿಂದುಳಿಯುತ್ತಿತ್ತು. ಅಷ್ಟರಲ್ಲಿ ಪ್ಲಾಸ್ಟರ್ ಗಟ್ಟಿಯಾಗಿ ಬಾಗು ಹರಿದುಹೋಗುತ್ತಿತ್ತು. ಕೊನೆಗೆ ದೇವದುರ್ಗದಲ್ಲಿ ಶೈಲಜಾ ಟೀಚರ್ ಕಟ್ಟಿಸುತ್ತಿದ್ದ ಮನೆಗೆ ಒಬ್ಬನೇ ಹೋದ. ನೆಲದಲ್ಲಿ ಹಲಗೆ ಹಾಸಿ, ಬಾಗನ್ನು ಅದರ ಮೇಲೆಯೇ ತುಂಡುತುಂಡಾಗಿ ಎಳೆದು, ಒಣಗಿಸಿ, ಮೇಲಕ್ಕೆ ಅಂಟಿಸತೊಡಗಿದ. ತುಂಡಿನ ಒಂದು ತುದಿ ತನ್ನ ಕೈಯಲ್ಲಿ. ಇನ್ನೊಂದು ತುದಿಗೆ ಕವೆಗೋಲು ಆನಿಸಿದ.

ಚಹಾ ತಂದ ಶೈಲಜಾ ಬಾಗಿಲಲ್ಲೇ ನಿಂತಳು. “ಯಾರ ಜೋಡಿ ಮಾತಾಡಾಕತ್ತೀರಿ?”

“ಯಾರೂ ಇಲ್ರೀ ಯವ್ವಾ.”

“ಚೂರು ಎತ್ತಿ ಹಿಡಿ ಅಂದಂಗ ಕೇಳ್ತು.”

ಬೂದೆಪ್ಪ ಕವೆಗೋಲಿನ ಕಡೆ ನೋಡಿದ. “ಕಟ್ಟಿಗಿಗೆ ಅಂದೆರೀ” ಎಂದು ನಗಲು ಹೋದ. ನಗು ಬರಲಿಲ್ಲ.

ಕೆಲಸ ಮುಗಿದ ಮೇಲೆ ಬಾಗಿನ ಫೋಟೊ ತೋರಿಸಲೆಂದು ಮಾನ್ವಿಗೆ ಹೋದ. ಖಾಜಾಮಿಯಾನ ಮನೆಗೆ ಬೀಗ ಬಿದ್ದಿತ್ತು. ಎದುರು ಮನೆಯ ಪರಮಣ್ಣ ಹೇಳಿದ: “ಮಗಳು ಬಂದು ಕರ್ನೂಲಿಗೆ ಕರಕೊಂಡು ಹೋದ್ಲು. ಇನ್ನ ಅಲ್ಲೇ ಇರ್ತಾರಂತ. ನಿನಗ ಹೇಳಿಲ್ಲೇನು?”

ಬೂದೆಪ್ಪ ಬಸ್ ಸ್ಟ್ಯಾಂಡಿನಲ್ಲಿ ಕುಳಿತು ಫೋನು ಹಚ್ಚಿದ. ಖಾಜಾಮಿಯಾನ ಹೆಂಡತಿ ಸರ್ವರಿ ಬೇಗಂ ಎತ್ತಿದಳು.

“ಗಡಬಿಡಿಯೊಳಗ ಹೇಳಾಕ ಆಗ್ಲಿಲ್ಲ ಭಾಯಿ, ಮಾಫ್ ಮಾಡ್ರಿ. ಅವರ ಕಿವೀಗೆ ಹಿಡೀತೀನಿ, ನೀವೇ ಮಾತಾಡ್ರಿ.”

ಆ ಕಡೆಯಿಂದ ಬರೀ ಉಸಿರು ಕೇಳಿಸಿತು. ಬೂದೆಪ್ಪ ಹಲಗೆ ಹಾಸಿದ್ದು ಹೇಳಿದ. ಎರಡು ತುಂಡು ಕೂಡುವಲ್ಲಿ ಸಂದು ಕಾಣದಂತೆ ಒದ್ದೆ ಬ್ರಷ್ಷು ಆಡಿಸಿದ್ದು ಹೇಳಿದ. ಮತ್ತೇನೂ ಉಳಿಯದಾಗ ಬಸ್ ಸ್ಟ್ಯಾಂಡಿನಲ್ಲಿ ಕಂಡದ್ದನ್ನೆಲ್ಲ, ಸೀತಾಫಲದ ಬುಟ್ಟಿಗಳನ್ನೂ, ಬಿಡದೆ ಹೇಳಿದ. ಬಸ್ಸು ಬಂದಾಗ ಮಾತಾಡುತ್ತಲೇ ಹತ್ತಿದ. ಊರು ದಾಟುತ್ತಿದ್ದಂತೆ ಲೈನು ಕಡಿಯಿತು.

ಈಗ ರಾಯಚೂರಿನಲ್ಲಿ ಒಂದು ಶಾದಿಮಹಲಿನ ಕೆಲಸ ಹಿಡಿದಿದ್ದಾನೆ, ಒಬ್ಬನೇ. ಊಟದ ಹೊತ್ತಿಗೆ ಕರ್ನೂಲಿಗೆ ಫೋನು ಹಚ್ಚುತ್ತಾನೆ. ಯಾರೂ ಎತ್ತದ ದಿನ ಬುತ್ತಿ ಅರ್ಧಕ್ಕೇ ಕಟ್ಟಿಟ್ಟು ಹಲಗೆಯ ಕಡೆ ಹೋಗುತ್ತಾನೆ.